ಹೊತ್ತಿಲ್ಲದವರ ಪ್ರಾರ್ಥನೆ

ಸಿಂಗಾಪುರವೆಂದ ಕೂಡಲೇ ಪಾಸ್‌ಪೋರ್ಟು ಹುಡುಕಬೇಕಾಗಿಲ್ಲ. ಇದು ಬೆಂಗಳೂರಿನ ಉತ್ತರಕ್ಕೆ, ವಿದ್ಯಾರಣ್ಯಪುರ ದಾಟಿ ಯಲಹಂಕದ ಕಡೆ ಹೊರಟರೆ ಸಿಗುವ ಸಿಂಗಾಪುರ. ಒಂದು ಕೆರೆ, ಹಳೆಯ ಹಳ್ಳಿ, ಅದರ ಸುತ್ತ ಹೊಲವಿದ್ದ ಜಾಗದಲ್ಲಿ ಎದ್ದು ನಿಂತ ಬಡಾವಣೆಗಳು. ಹತ್ತಿರದ ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಹುಟ್ಟಿಕೊಂಡ ಮೇಲೆ ಈ ದಿಕ್ಕಿಗೆ ಊರೂರುಗಳಿಂದ ಜನ ಬಂದರು. ಹಾಗೆ ಬಂದು ನೆಲೆಸಿದವರಲ್ಲಿ ಕ್ರೈಸ್ತ ಕುಟುಂಬಗಳೂ ಇವೆ.

ಇಂಥ ಒಂದು ಮನೆಯ ಬೆಳಗನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಕುಕ್ಕರಿನ ಕೂಗು, ಡಬ್ಬಿ ಕಟ್ಟುವ ಗಡಿಬಿಡಿ, ಶಾಲೆಯ ವ್ಯಾನಿನ ಹಾರನ್ನು, ಕಾಲು ಚೀಲ ಸಿಗದೆ ಅಳುವ ಮಗು. ಗೋಡೆಯ ಮೇಲೆ ಯೇಸುಸ್ವಾಮಿಯ ಪಟ. ಪಕ್ಕದಲ್ಲಿ ವೇದವಾಕ್ಯ ಅಚ್ಚಾದ ಕ್ಯಾಲೆಂಡರು. ಹೊರಡುವಾಗ ಪಟದ ಕಡೆ ಒಂದು ನೋಟ, ಕ್ಯಾಥೊಲಿಕರಾದರೆ ಒಂದು ಶಿಲುಬೆಯ ಗುರುತು. ರಾತ್ರಿ ಕುಟುಂಬ ಪ್ರಾರ್ಥನೆಗೆ ಕುಳಿತರೆ ಅರ್ಧ ಮನೆ ತೂಕಡಿಸುತ್ತಿರುತ್ತದೆ. ಭಾನುವಾರ ಚರ್ಚಿನಲ್ಲಿ ಪ್ರಸಂಗ: ದೇವರನ್ನು ಬದುಕಿನ ನಡುವೆ ಇಟ್ಟುಕೊಳ್ಳಿ. ಕೇಳುತ್ತ ಕುಳಿತ ಗೃಹಿಣಿಗೆ ಮೊದಲು ಹೊಳೆಯುವ ಪ್ರಶ್ನೆ ಒಂದೇ. ನಡುವೆ ಜಾಗ ಎಲ್ಲಿದೆ?

ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ, ಅರ್ಧ ಗಂಟೆ ಮೊದಲು ಏಳಿ ಎನ್ನುವುದು. ಒಳ್ಳೆಯ ಸಲಹೆ. ಆದರೆ ಆ ಅರ್ಧ ಗಂಟೆ ಕಳೆದ ಮೇಲೆ ಉಳಿಯುವ ಹದಿನಾರು ಗಂಟೆ ಯಾರದು? ಪ್ರಾರ್ಥನೆಯೂ ಮಗುವಿನ ಟ್ಯೂಷನ್ನಿನಂತೆ ವೇಳಾಪಟ್ಟಿಯ ಒಂದು ಸಾಲಾಗಿಬಿಟ್ಟರೆ, ಮುಗಿದ ಮೇಲೆ ಅದಕ್ಕೊಂದು ಗೆರೆ ಎಳೆಯುವ ಅಭ್ಯಾಸವೂ ಬಂದುಬಿಡುತ್ತದೆ.

ಕರ್ನಾಟಕದಲ್ಲಿ ಈ ಪ್ರಶ್ನೆಗೆ ಒಮ್ಮೆ ಬೇರೆಯೇ ರೀತಿಯ ಉತ್ತರ ಹುಡುಕಿದ್ದುಂಟು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು, ಮತಾಂತರಗೊಂಡು ಮನೆ, ಕುಲ, ಕಸುಬು ಎಲ್ಲವನ್ನೂ ಕಳೆದುಕೊಂಡವರಿಗೆ ಅನ್ನದ ದಾರಿ ತೋರಿಸಬೇಕಾಗಿತ್ತು. ಅಚ್ಚುಕೂಟ ಬಂತು, ಮಗ್ಗ ಬಂತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆಗೆದರು. ಇವತ್ತಿಗೂ ಹಳೆಯ ಮನೆಗಳ ಮೇಲೆ ಕಾಣುವ ಮಂಗಳೂರು ಹೆಂಚಿನ ಕತೆ ಶುರುವಾಗುವುದು ಅಲ್ಲಿಂದ. ಆ ಕಾರ್ಖಾನೆಗಳಲ್ಲಿ ದಿನದ ಕೆಲಸ ಪ್ರಾರ್ಥನೆಯಿಂದ ಆರಂಭವಾಗುತ್ತಿತ್ತು. ಮಣ್ಣು ಕಲಸುವ ಮುಂಚೆ ದೇವರ ಮಾತು, ಆಮೇಲೆ ಅಚ್ಚು, ಆಮೇಲೆ ಸುಡುವ ಗೂಡು. ಹೊತ್ತು ಎಲ್ಲಿದೆ ಎಂದು ಕೂಲಿಯವನು ಕೇಳಬೇಕಾಗಿರಲಿಲ್ಲ. ಹೊತ್ತನ್ನು ಕಾರ್ಖಾನೆಯೇ ಕೊಡುತ್ತಿತ್ತು.

ಆ ಏರ್ಪಾಟನ್ನು ಹೊಗಳುವುದು ಸುಲಭ. ಅದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಕೂಲಿ ಕೊಡುವವರೂ ಸಭೆ ನಡೆಸುವವರೂ ಒಂದೇ ಮಿಷನ್ನಿನವರಾದಾಗ, ತಲೆ ಬಾಗಿಸಿ ನಿಂತವನು ದೇವರಿಗೆ ಬಾಗಿದನೋ ಮೇಸ್ತ್ರಿಗೆ ಬಾಗಿದನೋ ಹೇಳುವವರು ಯಾರು? 1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಬ್ರಿಟಿಷ್ ಸರ್ಕಾರದ ಕಣ್ಣಿಗೆ ಜರ್ಮನ್ ಮಿಷನರಿಗಳು ಶತ್ರುಗಳಾದರು; ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಆಡಳಿತ ಹೋದರೂ ಕರಾವಳಿಯ ಸಭೆಗಳು ಉಳಿದುಕೊಂಡವು. ಇಂದು ಸಿಂಗಾಪುರದಿಂದ ಬಸ್ಸು ಹತ್ತಿ ಕೆಲಸಕ್ಕೆ ಹೋಗುವವನಿಗಂತೂ ಪ್ರಾರ್ಥನೆಗೆ ಕರೆಯುವ ಮಾಲೀಕನೂ ಇಲ್ಲ, ಸಮಯ ಬಿಟ್ಟುಕೊಡುವ ಮೇಸ್ತ್ರಿಯೂ ಇಲ್ಲ. ತನ್ನ ಹೊತ್ತನ್ನು ಅವನೇ ಹೊತ್ತುಕೊಂಡು ತಿರುಗಬೇಕು.

ಅಂಥವನಿಗೆ ಬೈಬಲಿನಲ್ಲಿ ಒಬ್ಬ ಒಳ್ಳೆಯ ಜೊತೆಗಾರ ಸಿಗುತ್ತಾನೆ: ನೆಹೆಮಿಯ. ಪುರೋಹಿತನಲ್ಲ, ಪ್ರವಾದಿಯೂ ಅಲ್ಲ. ಪಾರಸಿಯ ಅರಸ ಅರ್ತಷಸ್ತನಿಗೆ ದ್ರಾಕ್ಷಾರಸದ ಬಟ್ಟಲು ಕೊಡುವ ನೌಕರ. ಪೂರ್ವಿಕರ ಊರಾದ ಜೆರುಸಲೇಮಿನ ಗೋಡೆ ಬಿದ್ದುಹೋಗಿದೆಯೆಂಬ ದುಃಖ ಮುಖದಲ್ಲಿ ಕಂಡು ಅರಸ ಕೇಳುತ್ತಾನೆ, ನಿನಗೆ ಏನಾಗಬೇಕು ಎಂದು. ಅರಸನ ಪ್ರಶ್ನೆಗೂ ತನ್ನ ಉತ್ತರಕ್ಕೂ ನಡುವೆ ನೆಹೆಮಿಯ ಪರಲೋಕದ ದೇವರನ್ನು ಪ್ರಾರ್ಥಿಸಿದನೆಂದು ಅವನ ಪುಸ್ತಕದ ಎರಡನೆಯ ಅಧ್ಯಾಯ ಹೇಳುತ್ತದೆ. ಎಷ್ಟು ಹೊತ್ತು ಸಿಕ್ಕಿದ್ದೀತು? ಒಂದು ಉಸಿರಿನಷ್ಟು. ಮೊಣಕಾಲೂರಲಿಲ್ಲ, ಕಣ್ಣು ಮುಚ್ಚಲಿಲ್ಲ. ಅರಸನ ಮುಂದೆ ಹಾಗೆ ಮಾಡಿದ್ದರೆ ತಲೆ ಉಳಿಯುತ್ತಿತ್ತೋ ಇಲ್ಲವೋ. ಮೇಲಧಿಕಾರಿ ಕರೆಸಿದಾಗ ಬಾಗಿಲ ಹಿಡಿಕೆಗೆ ಕೈ ಹಾಕುವ ಗುಮಾಸ್ತನಿಗೆ ಸಿಗುವ ಹೊತ್ತೂ ಅಷ್ಟೇ.

ನೆಹೆಮಿಯನ ಕತೆ ಅಲ್ಲಿಗೆ ನಿಲ್ಲುವುದಿಲ್ಲ ಎಂಬುದನ್ನು ಪ್ರಸಂಗಗಳಲ್ಲಿ ಅಷ್ಟಾಗಿ ಹೇಳುವುದಿಲ್ಲ. ಐವತ್ತೆರಡು ದಿನಗಳಲ್ಲಿ ಗೋಡೆ ಎದ್ದಿತು, ನಿಜ. ಆದರೆ ಆ ನಡುವೆಯೇ ಬಡವರು ಬಂದು ಅವನ ಮುಂದೆ ಗೋಳಾಡಿದರು. ಬರಗಾಲಕ್ಕೆ ಸಾಲ ತಂದು ಹೊಲ, ತೋಟ, ಮನೆ ಒತ್ತೆ ಇಟ್ಟಿದ್ದೇವೆ, ಮಕ್ಕಳನ್ನು ಜೀತಕ್ಕೆ ಬಿಟ್ಟಿದ್ದೇವೆ, ಸಾಲ ಕೊಟ್ಟವರು ನಮ್ಮ ಜನರೇ ಎಂದರು. ಅವನು ಸಿಟ್ಟಾದ. ಶ್ರೀಮಂತರನ್ನು ಕರೆಸಿ ಬಡ್ಡಿಯನ್ನೂ ಹೊಲಗಳನ್ನೂ ಹಿಂದಕ್ಕೆ ಕೊಡಿಸಿದ. ಒಂದು ಉಸಿರಿನ ಪ್ರಾರ್ಥನೆ ಮಾಡಿದ ಮನುಷ್ಯ ಬಡ್ಡಿಯ ಲೆಕ್ಕದ ಪುಸ್ತಕವನ್ನೂ ಬಿಡಲಿಲ್ಲ.

ಹದಿನೇಳನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಬ್ರದರ್ ಲಾರೆನ್ಸ್ ಎಂಬ ಕಾರ್ಮೆಲ್ ಮಠದ ಸಹೋದರನಿದ್ದ. ಸಿಪಾಯಿಯಾಗಿದ್ದು ಗಾಯಗೊಂಡವನು. ಮಠದಲ್ಲಿ ಸಿಕ್ಕಿದ್ದು ಅಡುಗೆಮನೆ, ಅದೂ ಅವನಿಗೆ ಸ್ವಭಾವತಃ ಒಗ್ಗದ ಕೆಲಸ. ಪಾತ್ರೆಗಳ ಸದ್ದು, ಒಂದೇ ಸಲ ನಾಲ್ಕು ಜನ ನಾಲ್ಕು ಬಗೆ ಕೇಳುವ ಗದ್ದಲ. ಅದರ ನಡುವೆಯೂ ಗುಡಿಯಲ್ಲಿ ಮೊಣಕಾಲೂರಿದಾಗ ಇರುವಷ್ಟೇ ದೇವರ ಹತ್ತಿರ ಇರುತ್ತೇನೆ ಎನ್ನುವುದು ಅವನ ಅನುಭವ. ಅವನು 1691ರಲ್ಲಿ ತೀರಿಕೊಂಡ ಮೇಲೆ ಅವನ ಪತ್ರಗಳನ್ನೂ ಮಾತುಗಳನ್ನೂ ಒಟ್ಟುಮಾಡಿ ಅಚ್ಚು ಹಾಕಿದರು. ಲೋಕದ ಎಷ್ಟೋ ಭಾಷೆಗಳಲ್ಲಿ ಅದನ್ನು ಇನ್ನೂ ಓದುತ್ತಾರೆ. ಕನ್ನಡಿಗರಿಗೆ ಇದೇನೂ ದೂರದ ಮಾತಲ್ಲ. ಬೇಕಾದದ್ದಕ್ಕಿಂತ ಹೆಚ್ಚು ತಂದ ಅಕ್ಕಿಯನ್ನು ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ವಾಪಸು ಕಳಿಸಿದ ಆಯ್ದಕ್ಕಿ ಲಕ್ಕಮ್ಮನಿಗೆ ಪ್ಯಾರಿಸ್ಸಿನ ಈ ಅಡುಗೆಯವನ ಮನಸ್ಸು ಚೆನ್ನಾಗಿ ಅರ್ಥವಾಗುತ್ತಿತ್ತು.

ಹಾಗಾದರೆ ಸಿಂಗಾಪುರದ ಆ ಮನೆಯಲ್ಲಿ ನಡುವೆ ಎನ್ನುವುದು ಎಲ್ಲಿದೆ? ಚೀಟಿ ಹಣ ಕಟ್ಟಲು ತಡಮಾಡಿದ ನೆರೆಯಾಕೆಯ ಬಾಗಿಲಲ್ಲಿ ನಿಂತು ಆಡುವ ಮಾತಿನಲ್ಲಿದೆ. ಬಾಡಿಗೆ ಮನೆ ಬಿಟ್ಟು ಹೋಗುವವರ ಮುಂಗಡದಲ್ಲಿ ಸುಣ್ಣಬಣ್ಣಕ್ಕೆಂದು ಎಷ್ಟು ಮುರಿದುಕೊಳ್ಳಬೇಕು ಎಂಬ ಲೆಕ್ಕದಲ್ಲಿದೆ. ಇವು ಯಾವುದಕ್ಕೂ ಬೇರೆ ಹೊತ್ತು ಬೇಡ, ಹೇಗೂ ಮಾಡಲೇಬೇಕಾದ ಕೆಲಸಗಳು. ಪಟದ ಮುಂದಿನ ಮೇಣದಬತ್ತಿ ದೊಡ್ಡದಿರಲಿ ಚಿಕ್ಕದಿರಲಿ, ಆ ಮುಂಗಡದ ಲೆಕ್ಕದ ಮೇಲೆ ಅದರ ಬೆಳಕು ಬೀಳದಿದ್ದರೆ ಕಷ್ಟ. ಬೆಳಗಿನ ಆ ಅರ್ಧ ಗಂಟೆ ಬೇಡವೆಂದಲ್ಲ. ನೆಹೆಮಿಯ ಕೂಡ ಅರಸನ ಮುಂದೆ ನಿಲ್ಲುವುದಕ್ಕೆ ಮುಂಚೆ ಎಷ್ಟೋ ದಿನ ಉಪವಾಸ ಕುಳಿತು ಅತ್ತಿದ್ದ. ಉಸಿರಿನ ಪ್ರಾರ್ಥನೆ ಬಾಯಿಗೆ ಬಂದದ್ದು ಆ ದಿನಗಳಿಂದಲೇ.

ಇನ್ನು ಭಾನುವಾರದ ಸಂಗತಿ. ವಿಮೋಚನಕಾಂಡದ ಇಪ್ಪತ್ತನೆಯ ಅಧ್ಯಾಯದಲ್ಲಿ ವಿಶ್ರಾಂತಿಯ ದಿನದ ಆಜ್ಞೆಯಿದೆ. ಅದರಲ್ಲಿ ಯಜಮಾನನ ಹೆಸರಷ್ಟೇ ಇಲ್ಲ. ಮಗ, ಮಗಳು, ಆಳು, ಕೆಲಸದಾಕೆ, ದನಕರು, ಮನೆಗೆ ಬಂದ ಪರದೇಶಿ ಎಲ್ಲರೂ ಇದ್ದಾರೆ. ಆರಾಧನೆ ಮುಗಿಸಿ ಮನೆಗೆ ಬರುವ ಹೊತ್ತಿಗೆ ಬಿಸಿ ಊಟ ಸಿದ್ಧವಿರಬೇಕಾದರೆ ಬೆಳಿಗ್ಗೆಯೇ ಯಾರೋ ಒಬ್ಬರು ಒಲೆಯ ಮುಂದೆ ನಿಂತಿರಬೇಕು. ಎಷ್ಟೋ ಮನೆಗಳಲ್ಲಿ ಆ ಕೆಲಸದಾಕೆಯೂ ಕ್ರೈಸ್ತಳೇ, ಅವಳಿಗೂ ಒಂದು ಚರ್ಚು ಇದೆ. ಇದನ್ನು ಯೋಚಿಸಿದವರು ಕೆಲವರು ಶನಿವಾರ ರಾತ್ರಿಯೇ ಸಾರು ಮಾಡಿಟ್ಟುಕೊಳ್ಳುತ್ತಾರೆ. ಭಾನುವಾರ ಬಂದು ಅನ್ನಕ್ಕಿಟ್ಟು, ಸಾರು ಬಿಸಿ ಮಾಡಿಕೊಂಡರೆ ಆಯಿತು.