ಹಳೆಯ ಬಿದಿರು ಪರದೆಗೆ ಹೊಸ ಮೈ

ಮಾರ್ಚ್ ತಿಂಗಳು ಕಾಲಿಟ್ಟಿತೆಂದರೆ ಗೋಕಾಕದ ಸುತ್ತಮುತ್ತ ಪಡುವಣ ದಿಕ್ಕಿನ ಕೋಣೆಯಲ್ಲಿ ಓದಲು ಕೂಡುವ ಮಕ್ಕಳ ಪಾಡು ಹೇಳತೀರದು. ಮಧ್ಯಾಹ್ನ ಮೂರರ ಮೇಲೆ ಬಿಸಿಲು ನೇರ ಮೇಜಿನ ಮೇಲೇ ಬೀಳುತ್ತದೆ. ಪುಸ್ತಕದ ಹಾಳೆ ಕಣ್ಣು ಕುಕ್ಕುತ್ತದೆ, ಬೆವರಿಗೆ ಅಕ್ಷರ ಅಲುಕುತ್ತವೆ. ಕಿಟಕಿಗೆ ಬಿದಿರುಕಡ್ಡಿಯ ಪರದೆ ಇಲ್ಲವೆಂದಲ್ಲ. ಅದರ ನಡುವಿನ ನಾಲ್ಕಾರು ಕಡ್ಡಿ ಮುರಿದಿವೆ, ದಾರ ಹರಿದು ಒಂದು ಮಗ್ಗುಲಿಗೆ ಜೋತು ಬಿದ್ದಿದೆ, ಬಣ್ಣ ಬೂದಿಯಂತಾಗಿದೆ. "ಇದನ್ನ ಒಗದ ಬಿಡ್ರಿ, ಹೊಸಾದ ತರೂಣು" ಎನ್ನುತ್ತಾರೆ ಮನೆಯಾಕೆ. ಮಕ್ಕಳ ಶುಲ್ಕ, ಪುಸ್ತಕಗಳ ಲೆಕ್ಕ ಹಾಕುತ್ತಿರುವ ಯಜಮಾನರು ಸುಮ್ಮನಾಗುತ್ತಾರೆ.

ಇಂಥ ಪರದೆಯನ್ನು ಇಳಿಸಿ ನೋಡಿದರೆ, ಕೆಟ್ಟಿರುವುದು ಬಹುಮಟ್ಟಿಗೆ ದಾರವೇ ಹೊರತು ಬಿದಿರಲ್ಲ. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ನಾರಿನ ಅಣುಸರಪಳಿಯನ್ನು ಕತ್ತರಿಸುತ್ತ ಹೋಗುತ್ತವೆ. ದಾರ ತೆಳುವಾದ್ದರಿಂದ ಬೇಗ ಸಾಯುತ್ತದೆ. ಬಿದಿರಿನಲ್ಲಿ ಮೇಲ್ಪದರ ಮಾತ್ರ ಬೂದಿಬಣ್ಣಕ್ಕೆ ತಿರುಗುತ್ತದೆ, ಒಳಮೈ ಗಟ್ಟಿಯಾಗಿಯೇ ಇರುತ್ತದೆ. ಆದ್ದರಿಂದ ಮೊದಲು ದಾರ ಬದಲಿಸಬೇಕು. ಜಲಪಾತದ ದಂಡೆಯಲ್ಲಿ ನೂರು ವರ್ಷಕ್ಕೂ ಹಿಂದೆ ನೂಲಿನ ಗಿರಣಿ ಎದ್ದ ಊರು ಗೋಕಾಕ. ಇಲ್ಲಿ ಹತ್ತಿಯ ಹುರಿಗೆ ಬರ ಇರಲಾರದು! ದಪ್ಪ ಹುರಿಯನ್ನೇ ಆರಿಸುವುದು ಒಳ್ಳೆಯದು. ಬಿಸಿಲು ಹೊರಪದರವನ್ನು ತಿಂದರೂ ಒಳಗಿನ ಎಳೆ ಉಳಿಯುತ್ತದೆ. ಹಳೆಯ ಹೆಣಿಗೆಯನ್ನು ಪೂರ್ತಿ ಬಿಚ್ಚಬಾರದು. ಹರಿದ ಒಂದೊಂದೇ ಸಾಲನ್ನು ಬಿಚ್ಚಿ, ಪಕ್ಕದ ಸಾಲಿನ ಮಾದರಿ ನೋಡುತ್ತ ಹೆಣೆಯಬೇಕು. ಮುರಿದ ಕಡ್ಡಿಗಳಿಗೆ ಬದಲಾಗಿ ಪರದೆಯ ತುದಿಯ ಕಡ್ಡಿಗಳನ್ನೇ ತೆಗೆದು ನಡುವೆ ಸೇರಿಸಬಹುದು. ಪರದೆ ಎರಡು ಬೆರಳು ಗಿಡ್ಡವಾದೀತು, ಅಷ್ಟೇ.

ತೊಳೆಯುವ ರೀತಿ ಊರಿನಿಂದ ಊರಿಗೆ ಬೇರೆ. ಬೆಳಗಾವಿ ಜಿಲ್ಲೆಯಲ್ಲಿ ಪಡುವಣದಿಂದ ಮೂಡಣಕ್ಕೆ ಬಂದಂತೆ ಮಳೆ ಕಡಿಮೆ. ಮೂಡಲಗಿಯ ಕಡೆ ಪರದೆಯ ತೊಂದರೆ ಧೂಳು. ಅದನ್ನು ಒಣಗಿದ್ದಾಗಲೇ ಝಾಡಿಸಿ ಆಮೇಲೆ ಒದ್ದೆ ಬಟ್ಟೆ ಮುಟ್ಟಿಸಬೇಕು. ಮೊದಲೇ ನೀರು ಹಾಕಿದರೆ ಎರೆಮಣ್ಣಿನ ಧೂಳು ಕೆಸರಾಗಿ ಕಡ್ಡಿಯ ಸಂದಿಗೆ ಸೇರುತ್ತದೆ. ಹುಕ್ಕೇರಿಯ ಕಡೆ ಮಳೆಗಾಲದ ತೇವಕ್ಕೆ ಕಪ್ಪು ಬೂಷ್ಟು ಹಿಡಿಯುವುದುಂಟು. ಅದನ್ನು ಬ್ಲೀಚಿಂಗ್ ಪುಡಿಯ ತಿಳಿನೀರಿನಿಂದ ಒರೆಸಿ ಚೆನ್ನಾಗಿ ಒಣಗಿಸಬೇಕು. ಶೌಚಾಲಯ ತೊಳೆಯುವ ಆಮ್ಲ ಮಾತ್ರ ಈ ನೀರಿಗೆ ಸೋಕಲೇಬಾರದು. ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.

ಇನ್ನು ಬಣ್ಣ. ಅಂಗಡಿಯಲ್ಲಿ ಕಣ್ಣಿಗೆ ಚೆಂದ ಕಾಣುವ ಹಸಿರು, ಕಂದು ಬಣ್ಣವನ್ನೇ ಜನ ಕೇಳುತ್ತಾರೆ. ಬಿಸಿಲಿಗೆ ಮುಖ ಮಾಡುವ ಮೈಗೆ ಬಿಳಿಯೇ ಸರಿ. ಬೇಸಿಗೆಯ ನಾಲ್ಕು ಗಂಟೆಯ ಹೊತ್ತಿಗೆ ಪಡುವಣ ಕಿಟಕಿಯ ಪ್ರತಿ ಚದರ ಮೀಟರಿಗೆ ಸುಮಾರು 500 ವ್ಯಾಟ್ ಶಕ್ತಿ ಬೀಳುತ್ತದೆ. ಕೋಣೆಯಲ್ಲಿ ಅರ್ಧ ಕಿಲೋವ್ಯಾಟಿನ ಹೀಟರ್ ಹಚ್ಚಿಟ್ಟಂತೆ! ಬಿಳಿ ಮೈ ಅದರ ಬಹುಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಕಡುಬಣ್ಣ ಹೀರಿಕೊಂಡು ತಾನೇ ಕಾಯುತ್ತದೆ. ಸುರುಳಿ ಸುತ್ತುವ ಪರದೆಗೆ ಬರೀ ಸುಣ್ಣ ಬಳಿದರೆ ಮಡಿಸಿದಾಗ ಉದುರುತ್ತದೆ. ನೀರಿನಲ್ಲಿ ಕರಗುವ ಬಿಳಿ ಎಮಲ್ಶನ್ನನ್ನು ತೆಳುವಾಗಿ ಎರಡು ಸಲ ಹಚ್ಚಿದರೆ ಚಿಕ್ಕ ಡಬ್ಬಿಯೇ ಸಾಕು. ಒಳಮೈಯನ್ನು ಬಿದಿರಿನ ಬಣ್ಣದಲ್ಲೇ ಬಿಟ್ಟರೆ ಓದುವವರ ಕಣ್ಣಿಗೆ ತಂಪು.

ಪರದೆಯನ್ನು ಎಲ್ಲಿ ಕಟ್ಟಬೇಕೆಂಬುದು ಬಣ್ಣಕ್ಕಿಂತಲೂ ಮುಖ್ಯ. ಗಾಜಿನ ಒಳಗಡೆ ಕಟ್ಟಿದರೆ ಶಾಖ ಆಗಲೇ ಮನೆಯೊಳಗೆ ಬಂದಿರುತ್ತದೆ. ಅಮೆರಿಕದ ಇಂಧನ ಇಲಾಖೆ ಹೇಳುವಂತೆ, ಒಳಗೆ ಪೂರ್ತಿ ಇಳಿಬಿಟ್ಟ ಹೊಳಪಿನ ಪರದೆ ಬಿಸಿಲಿನ ಶಾಖವನ್ನು ಶೇ. 45ರಷ್ಟು ತಗ್ಗಿಸಬಲ್ಲದು, ಹೊರಗೆ ಚಾಚಿದ ಬಟ್ಟೆಯ ಮರೆ ಪಡುವಣ ಕಿಟಕಿಯಲ್ಲಿ ಶೇ. 77ರವರೆಗೆ ತಗ್ಗಿಸಬಲ್ಲದು. ಚಜ್ಜಾದ ಕೆಳಗೆ ಎರಡು ಕೊಕ್ಕೆ ಹೊಡೆಯುವ ಖರ್ಚು ಎಷ್ಟು ಮಹಾ!

ಎರಡು ಎಚ್ಚರಿಕೆಗಳುಂಟು. ಹಿಂದೆ ಎಣ್ಣೆಬಣ್ಣ ಬಳಿದ ಪರದೆಯನ್ನು ಉಪ್ಪುಕಾಗದದಿಂದ ಉಜ್ಜಬಾರದು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಬಣ್ಣದ ಧೂಳಿನಲ್ಲಿ ಸೀಸವಿದ್ದರೆ ಅದು ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ. ಇನ್ನೊಂದು, ಪರದೆ ಎಳೆಯುವ ಹಗ್ಗದ ಕುಣಿಕೆ. ಅದು ಕೂಸಿನ ಕೊರಳಿಗೆ ಸಿಕ್ಕಿ ಸಾವು ಸಂಭವಿಸಿದ ಉದಾಹರಣೆಗಳು ಹಲವು ದೇಶಗಳಲ್ಲಿವೆ. ಕುಣಿಕೆಯನ್ನು ಕತ್ತರಿಸಿ ಎರಡು ಬಿಡಿ ತುದಿ ಮಾಡಿ, ಮಗುವಿನ ಕೈಗೆಟುಕದ ಎತ್ತರದ ಮೊಳೆಗೆ ಸುತ್ತಿಡಬೇಕು. ತೊಟ್ಟಿಲನ್ನು ಆ ಕಿಟಕಿಯಿಂದ ದೂರ ಸರಿಸಬೇಕು.

ಬಣ್ಣ ಹಚ್ಚುವ ಕೆಲಸವನ್ನು ಮಕ್ಕಳಿಗೆ ವಹಿಸುವವರು ಮೊದಲ ದಿನ ಎಡಗಡೆಯ ಅರ್ಧ ಪರದೆಗೆ ಮಾತ್ರ ಹಚ್ಚಿಸಲಿ. ಮರುದಿನ ಪರದೆಯ ಹಿಂದೆ, ಎರಡೂ ಅರ್ಧಗಳ ನೆರಳಿನಲ್ಲಿ ಒಂದೇ ಅಳತೆಯ ನೀರಿನ ಎರಡು ಸ್ಟೀಲ್ ಲೋಟಗಳನ್ನಿಟ್ಟು, ಮೂರರಿಂದ ಐದರವರೆಗೆ ಅರ್ಧ ಗಂಟೆಗೊಮ್ಮೆ ಪ್ರಯೋಗಶಾಲೆಯ ತಾಪಮಾಪಕದಿಂದ ಉಷ್ಣತೆ ಬರೆದುಕೊಳ್ಳಲಿ. ಜ್ವರ ನೋಡುವ ತಾಪಮಾಪಕ ಇದಕ್ಕೆ ಬಾರದು. ಏಕೆ ಬಾರದೆಂಬುದನ್ನು ಅದರ ಮೇಲಿನ ಅಂಕಿಗಳನ್ನು ನೋಡಿ ಮಕ್ಕಳೇ ಹೇಳಲಿ. ಉಳಿದರ್ಧ ಪರದೆಗೆ ಬಣ್ಣ ಮೂರನೆಯ ದಿನ.