ಕ್ಯಾಸನೂರಿನ ಬೀದಿಗೊಂದು ಕ್ಯಾಮೆರಾ

ಊರೊಂದರ ಹೆಸರು ಲೋಕವಿಖ್ಯಾತವಾಗುವುದಕ್ಕೆ ಹಲವು ದಾರಿಗಳುಂಟು. ಸೊರಬ ತಾಲ್ಲೂಕಿನ ಕ್ಯಾಸನೂರಿಗೆ ಒದಗಿದ ದಾರಿಯನ್ನು ಮಾತ್ರ ಯಾವ ಊರೂ ಬಯಸಲಾರದು. 1957ರಲ್ಲಿ ಅಲ್ಲಿಯ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗರು ಜ್ವರದಿಂದ ನರಳಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ರೋಗಾಣುವನ್ನು ಪತ್ತೆಹಚ್ಚಿದರು, ರೋಗಕ್ಕೆ ಆ ಕಾಡಿನ ಹೆಸರೇ ನಿಂತಿತು. ಅಂದಿನಿಂದ ವೈದ್ಯಗ್ರಂಥಗಳ ಪಾಲಿಗೆ ಕ್ಯಾಸನೂರೆಂದರೆ ಮಂಗನ ಕಾಯಿಲೆ. ಅಲ್ಲೊಂದು ಬೀದಿಯೂ ಇದೆ, ಬಸ್ಸಿಗಾಗಿ ಕಾದು ಕುಳಿತ ಅಜ್ಜಿಯೂ ಇದ್ದಾಳೆ ಎಂಬುದು ಆ ಗ್ರಂಥಗಳಿಗೆ ಬೇಡವಾದ ಸಂಗತಿ.

ಆ ಬೀದಿಯನ್ನು ಚಿತ್ರಿಸಬೇಕೆಂದು ಊರಿನ ತರುಣನೊಬ್ಬನಿಗೆ ಮನಸ್ಸಾಯಿತೆನ್ನೋಣ. ಜೇಬಿನಲ್ಲಿ ಮೊಬೈಲು ಇರುವಾಗ ಹಳೆಯ ಫಿಲ್ಮು ಕ್ಯಾಮೆರಾದ ಹುಚ್ಚೇಕೆಂದು ಮನೆಯವರು ಕೇಳುವುದು ಸಹಜ. ಕಾರಣವಿಲ್ಲದಿಲ್ಲ. ಮೊಬೈಲಿನಲ್ಲಿ ಸಾವಿರ ಚಿತ್ರ ತೆಗೆದು ಒಂದನ್ನೂ ನೋಡದವರೇ ಹೆಚ್ಚು; ಸುರುಳಿಯಲ್ಲಿರುವುದು ಮೂವತ್ತಾರೇ ಚಿತ್ರ. ಒತ್ತುವ ಮುನ್ನ ಕಣ್ಣು ಕೆಲಸ ಮಾಡಲೇಬೇಕು. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಸಾಮಾನ್ಯ ಜನರ ಬದುಕನ್ನು ಅಷ್ಟು ಹತ್ತಿರದಿಂದ ಕಂಡದ್ದು ಇಂಥ ಸುರುಳಿಗಳ ಕಾಲದಲ್ಲಿಯೇ.

ಆದರೆ ಯಾವ ಕ್ಯಾಮೆರಾ? ಮೊದಲ ಆಕರ್ಷಣೆ ಮನೆಯ ಅಟ್ಟದ ಮೇಲಿನದು. ಒಂದು ಕಾಲದಲ್ಲಿ ಮದುವೆ ಮುಂಜಿಗಳಿಗೆಲ್ಲ ಹಾಜರಾಗುತ್ತಿದ್ದ ಆಗ್ಫಾ ಕ್ಲಿಕ್-3 ಇಂದಿಗೂ ಎಷ್ಟೋ ಮನೆಗಳಲ್ಲಿ ದೊರೆಯುತ್ತದೆ. ಕಾಸು ಖರ್ಚಿಲ್ಲ, ನಿಜ. ಆದರೆ ಅದಕ್ಕೆ ಅಗಲವಾದ 120 ಫಿಲ್ಮು ಬೇಕು, ಸಿಗುವುದು ಹನ್ನೆರಡೇ ಚಿತ್ರ, ಹತ್ತಿರ ಹೋದರೆ ಮುಖ ಮಸುಕು. ನಿಂತು ಪೋಸು ಕೊಡುವವರಿಗೆ ಅದು ಸರಿ, ನಡೆಯುವ ಬೀದಿಗಲ್ಲ. ಎರಡನೆಯ ಆಕರ್ಷಣೆ ಲೈಕಾ. ಅದರ ಬೆಲೆ ಕೇಳಿ ಸುಮ್ಮನಾಗುವುದು ಕ್ಷೇಮ. 1966ರಲ್ಲಿ ಬಂದ ಯಾಶಿಕಾ ಇಲೆಕ್ಟ್ರೋ 35ರ ಲೆನ್ಸು ಉತ್ತಮವಾದದ್ದು, ಮೈ ಮಾತ್ರ ದಪ್ಪ. ಅದಕ್ಕೆಂದು ಮಾಡಿದ ಪಾದರಸದ ಬ್ಯಾಟರಿಯ ತಯಾರಿಕೆಯೇ ನಿಂತು ಹೋಗಿದೆ. 1979ರ ಒಲಿಂಪಸ್ ಎಕ್ಸ್‌ಎ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು, ಚೊಕ್ಕದು. ಆದರೆ ಅದರ ವಿದ್ಯುನ್ಮಂಡಲ ಕೆಟ್ಟರೆ ದುರಸ್ತಿ ಮಾಡುವವರನ್ನು ಸೊರಬ, ಶಿಕಾರಿಪುರಗಳಲ್ಲಿ ಹುಡುಕಿ ಫಲವಿಲ್ಲ.

ಉಳಿದುದು ಒಲಿಂಪಸ್ ಟ್ರಿಪ್ 35. 1967ರಿಂದ 1984ರವರೆಗೆ ತಯಾರಾದ ಇದು ಪ್ರವಾಸಿಗರಿಗೆಂದು ಮಾಡಿದ ಸರಳ ಯಂತ್ರ. ತೂಕ ಸುಮಾರು 400 ಗ್ರಾಂ. ಬ್ಯಾಟರಿಯೇ ಬೇಡ. ಲೆನ್ಸಿನ ಸುತ್ತ ಜೇನುಹುಟ್ಟಿನಂತೆ ಕಾಣುವ ಗಾಜಿನ ಬಳೆಯ ಹಿಂದಿರುವ ಸೆಲೆನಿಯಮ್ ಬಿಸಿಲಿನಿಂದಲೇ ವಿದ್ಯುತ್ತನ್ನು ಹುಟ್ಟಿಸಿಕೊಂಡು ಬೆಳಕನ್ನು ಅಳೆಯುತ್ತದೆ. ದೂರವನ್ನು ಅಂದಾಜಿನಿಂದ ಹೊಂದಿಸಬೇಕು. ಅದಕ್ಕೆ ನಾಲ್ಕೇ ಗುರುತುಗಳು. ಗುಂಪಿನ ಗುರುತಿಗೆ, ಎಂದರೆ ಸುಮಾರು ಮೂರು ಮೀಟರಿಗೆ, ತಿರುಗಿಸಿಟ್ಟರೆ ಒಳ್ಳೆಯ ಬಿಸಿಲಿನಲ್ಲಿ ಏಳು ಅಡಿಯಿಂದ ಹದಿನೇಳು ಅಡಿಯವರೆಗಿನದೆಲ್ಲ ಸ್ಪಷ್ಟ. ಹಳ್ಳಿಯ ಬೀದಿಯ ಅಗಲವೇ ಅಷ್ಟು! ಮತ್ತೆ ಅದನ್ನು ಮುಟ್ಟುವ ಕೆಲಸವಿಲ್ಲ. ಕಣ್ಣು ಕಂಡಾಗ ಬೆರಳು ಒತ್ತಿದರೆ ಸಾಕು.

ದೋಷವೂ ಇದೆ, ಅದು ಮಲೆನಾಡಿಗೆ ತಕ್ಕಮಟ್ಟಿಗೆ ದೊಡ್ಡ ದೋಷವೇ. ಬೆಳಕು ಸಾಲದಾದಾಗ ಕಿಂಡಿಯಲ್ಲಿ ಕೆಂಪು ಪಟ್ಟಿಯೊಂದು ಮೇಲೆದ್ದು ಕ್ಯಾಮೆರಾ ಕೆಲಸ ಮಾಡಲು ಒಪ್ಪುವುದಿಲ್ಲ. ಆಷಾಢದ ಮಧ್ಯಾಹ್ನವೇ ಸಂಜೆಯಂತಿರುವ ಸೀಮೆಯಲ್ಲಿ ಈ ಹಟ ಬೇಸರ ತರುತ್ತದೆ. 400 ವೇಗದ ಫಿಲ್ಮು ಹಾಕುವುದು ಒಂದು ಪರಿಹಾರ. ಬಳೆಯನ್ನು ‘ಎ’ ಗುರುತಿನಿಂದ 2.8ಕ್ಕೆ ತಿರುಗಿಸಿ, ಕೈ ನಡುಗದಂತೆ ಕಂಬಕ್ಕೊರಗಿ ತೆಗೆಯುವುದು ಇನ್ನೊಂದು. ಆಗ ಷಟರು ಸೆಕೆಂಡಿನ ನಲವತ್ತರಲ್ಲೊಂದು ಭಾಗದ ಕಾಲ ತೆರೆಯುತ್ತದೆ.

ಕೊಳ್ಳುವಾಗ ಆ ಕೆಂಪು ಪಟ್ಟಿಯೇ ಪರೀಕ್ಷಕ. ಲೆನ್ಸನ್ನು ಅಂಗೈಯಿಂದ ಮುಚ್ಚಿ ಒತ್ತಿದರೆ ಪಟ್ಟಿ ಏಳಬೇಕು. ಬಿಸಿಲಿಗೆ ಹಿಡಿದು ಒತ್ತಿದರೆ ಏಳಬಾರದು. ಬಿಸಿಲಿನಲ್ಲಿಯೂ ಎದ್ದರೆ ಸೆಲೆನಿಯಮ್ಮಿನ ಆಯುಸ್ಸು ಮುಗಿದಿದೆಯೆಂದು ತಿಳಿದು ಹಿಂದಿರುಗಿಸಬೇಕು, ಮಾರುವವನು ಎಷ್ಟೇ ಸವಿಯಾಗಿ ಮಾತನಾಡಲಿ. ಬಳಿಕ ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಜೇಡನ ಬಲೆಯಂಥ ಎಳೆಗಳಿವೆಯೇ ಎಂದು ನೋಡಬೇಕು. ಅದು ಬೂಷ್ಟು. ಮಳೆಗಾಲದಲ್ಲಿ ಚಪ್ಪಲಿಗೂ ಪುಸ್ತಕಕ್ಕೂ ಹಿಡಿಯುವ ಬೂಷ್ಟು ಗಾಜನ್ನು ಬಿಡುವುದಿಲ್ಲ. ಆದುದರಿಂದ ಚರ್ಮದ ಚೀಲ ಎಷ್ಟು ಚೆಂದವಿದ್ದರೂ ಅದರಲ್ಲಿ ಕ್ಯಾಮೆರಾವನ್ನು ಇಡಕೂಡದು. ಬಿಗಿಮುಚ್ಚಳದ ಸ್ಟೀಲು ಡಬ್ಬಿಯೂ ಒಂದಿಷ್ಟು ಸಿಲಿಕಾ ಜೆಲ್ಲೂ ಇದ್ದರೆ ಸಾಕು.

ನಿಜವಾದ ಖರ್ಚು ಕ್ಯಾಮೆರಾದ್ದಲ್ಲ, ಫಿಲ್ಮಿನದು. ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ತಯಾರಿಸುತ್ತಿದ್ದ ‘ಇಂದು’ ಫಿಲ್ಮಿನ ಕಾಲ ಮುಗಿದುಹೋಯಿತು. ಈಗ ಹೊರದೇಶದ ಸುರುಳಿಯನ್ನು ಕೊಂಡು, ತೊಳೆಸಿ, ತರಿಸಿಕೊಳ್ಳುವಷ್ಟರಲ್ಲಿ ಸಾವಿರ ರೂಪಾಯಿ ಕರಗುವುದು ಸಾಮಾನ್ಯ. ತಿಂಗಳಿಗೊಂದೇ ಸುರುಳಿ ಎಂದು ಗೆರೆ ಎಳೆದುಕೊಳ್ಳಬೇಕು. ಕಪ್ಪು ಬಿಳುಪಿನದನ್ನು ಮನೆಯಲ್ಲಿಯೇ ತೊಳೆದರೆ ಉಳಿತಾಯವುಂಟು. ಡಿ-76 ದ್ರಾವಣಕ್ಕೆ ಬೇಕಾದ 20 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಮಲೆನಾಡಿನ ಪುಷ್ಯ ಮಾಸದ ಬೆಳಗಿನ ನೀರು ಬಹುಮಟ್ಟಿಗೆ ತಾನೇ ಒದಗಿಸುತ್ತದೆ.

ಕ್ಯಾಮೆರಾ ಚಿಕ್ಕದಾಗಿರಬೇಕೆಂಬುದು ಕದ್ದು ತೆಗೆಯಲೆಂದಲ್ಲ, ಎದುರಿನವರು ಬೆದರದಿರಲೆಂದು. ಕಾಯಿಲೆಯ ಹೆಸರು ಹೊತ್ತ ಊರಿಗೆ ದೊಡ್ಡ ಕ್ಯಾಮೆರಾ ಹಿಡಿದು ಬಂದವರಿಗೆ ಸತ್ತ ಮಂಗನ ಚಿತ್ರ ಬೇಕಾಗಿರುತ್ತದೆ. ಊರಿನ ಹುಡುಗನಿಗೆ ಬೇಕಾದದ್ದು ಬೇರೆ. “ಅಜ್ಜೀ, ಒಂದು ಪಟ ತೆಗೀಲಾ?” ಎಂದು ಕೇಳಿದರೆ ಅಜ್ಜಿ ಸೆರಗು ಸರಿಮಾಡಿಕೊಂಡು ಬಿಗಿಯಾಗಿ ಕೂರುತ್ತಾಳೆ, ಆ ಚಿತ್ರವನ್ನೂ ತೆಗೆಯಲಿ. ಬಸ್ಸು ಇನ್ನೂ ಬರದೆ ಅವಳು ಇವನನ್ನು ಮರೆತು ಪಕ್ಕದವಳೊಡನೆ ಮಾತಿಗೆ ತೊಡಗಿದಾಗ ಎರಡನೆಯದನ್ನು ತೆಗೆಯಬಹುದು. ಪ್ರತಿಗಳು ಬಂದ ಮೇಲೆ ಅವಳಿಗೊಂದನ್ನು ಒಯ್ದು ಕೊಡಬೇಕು. ಅವಳು ಮೆಚ್ಚುವುದು ಪ್ರಾಯಶಃ ಸೆರಗು ಸರಿಮಾಡಿಕೊಂಡ ಮೊದಲನೆಯದನ್ನೇ.