ಹಣ್ಣು ಹಂಚಿದರೆ ಸಾಕೇ?

ಗಣ್ಯರ ಹುಟ್ಟುಹಬ್ಬ ಬಂತೆಂದರೆ ಅನಾಥ ಮಕ್ಕಳಿಗೆ ಬ್ರೆಡ್ಡು, ಬಾಳೆಹಣ್ಣು ಗ್ಯಾರಂಟಿ. ಜೀಪು ಬರುತ್ತದೆ, ಹತ್ತು ಜನ ಇಳಿಯುತ್ತಾರೆ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ಹೊಡೆಸುತ್ತಾರೆ. ಮಗು ಹಣ್ಣನ್ನೂ ಹಿಡಿಯಬೇಕು, ಕ್ಯಾಮೆರಾ ನೋಡಿ ನಗಲೂ ಬೇಕು. ಅರ್ಧ ಗಂಟೆಗೆ ಜೀಪು ವಾಪಸ್. ಮರುವಾರ ಅದೇ ಮಗುವಿಗೆ ಜ್ವರ ಬಂದರೆ ಗುಂಡ್ಲುಪೇಟೆ ಆಸ್ಪತ್ರೆಗೆ ಕರೆತರುವವರು ಯಾರು? ಜೀಪಿನವರನ್ನು ಕೇಳಿದರೆ, ‘ನಮ್ಮ ಕೈಲಾದ್ದು ಮಾಡಿದ್ದೀವಿ ಸಾರ್’ ಅಂತಾರೆ.

ಬಂಡೀಪುರ ಕಾಡಂಚಿನ ಹಾಡಿಗಳಿಗೆ ಬರುವ ಒಂದು ದಿನದ ಉಚಿತ ವೈದ್ಯಕೀಯ ಶಿಬಿರಗಳ ಪಾಡೂ ಬಹುಪಾಲು ಇದೇ. ಬ್ಯಾನರ್ ದೊಡ್ಡದು, ಔಷಧಿ ಪೆಟ್ಟಿಗೆ ಚಿಕ್ಕದು. ಕೆಮ್ಮಿಗೆ ಒಂದು ಸಿರಪ್, ನೋವಿಗೆ ನಾಲ್ಕು ಮಾತ್ರೆ. ಸೋಲಿಗರಲ್ಲಿ, ಕುರುಬರಲ್ಲಿ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇದೆ. ತಂದೆ ತಾಯಿಯಿಂದ ಬರುವ ಈ ಕಾಯಿಲೆಯಲ್ಲಿ ರಕ್ತದ ಕಣ ಕುಡುಗೋಲಿನಂತೆ ಬಾಗಿ, ಕೈಕಾಲು ನೋವಿನಿಂದ ಮಗು ನರಳುತ್ತದೆ. ಇದರ ವಿರುದ್ಧ ಕೇಂದ್ರ ಸರ್ಕಾರ 2023ರಲ್ಲಿ ರಾಷ್ಟ್ರೀಯ ಆಂದೋಲನವನ್ನೇ ಶುರುಮಾಡಿತು. ರಕ್ತ ಪರೀಕ್ಷೆಯೇನೋ ಒಂದೇ ದಿನದ ಶಿಬಿರದಲ್ಲಿ ಆಗಬಹುದು. ಮಾತ್ರೆ ಮಾತ್ರ ತಿಂಗಳು ತಿಂಗಳೂ ನುಂಗಬೇಕು. ಅಪ್ಪ ಅಮ್ಮ ಇಲ್ಲದ ಮಗುವಿಗೆ ಅದನ್ನು ನೆನಪಿಟ್ಟು ಕೊಡುವವರು ಯಾರು?

ಇದೇ ಜಿಲ್ಲೆಯಲ್ಲಿ ಬೇರೆ ರೀತಿ ಮಾಡಿ ತೋರಿಸಿದವರಿದ್ದಾರೆ. ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟಕ್ಕೆ ಹೋದದ್ದು ಒಂದು ದಿನದ ಶಿಬಿರಕ್ಕಲ್ಲ, ಅಲ್ಲೇ ನೆಲೆಸುವುದಕ್ಕೆ. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಆಸ್ಪತ್ರೆಯ ಪಕ್ಕದಲ್ಲೇ ಶಾಲೆ, ಹಾಸ್ಟೆಲ್ ಬಂತು. ಸೋಲಿಗ ಹೆಣ್ಣುಮಕ್ಕಳಿಗೇ ನರ್ಸ್ ತರಬೇತಿ ಸಿಕ್ಕಿತು. 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದಾಗ ಜಿಲ್ಲೆಯ ಹೆಸರು ವಿದೇಶಕ್ಕೂ ಮುಟ್ಟಿತು. (ಆಗಿನ್ನೂ ಇದು ಮೈಸೂರು ಜಿಲ್ಲೆ ಅನ್ನಿ, ಚಾಮರಾಜನಗರ ಬೇರೆಯಾದದ್ದು 1997ರಲ್ಲಿ.) ಇನ್ನು ಚಾಮರಾಜನಗರದಲ್ಲಿ ರಾಷ್ಟ್ರಕವಿ ಜಿ.ಎಸ್. ಶಿವರುದ್ರಪ್ಪನವರ ಮಗ ಜಿ.ಎಸ್. ಜಯದೇವ 1992ರಲ್ಲಿ ದೀನಬಂಧು ಮಕ್ಕಳ ಮನೆ ಆರಂಭಿಸಿದರು. ದಿಕ್ಕಿಲ್ಲದ ಮಕ್ಕಳಿಗೆ ಅಲ್ಲಿ ಊಟ, ಹಾಸಿಗೆಯ ಜತೆಗೆ ಓದೂ ಸಿಕ್ಕಿತು. ಎರಡೂ ಕಡೆ ಕೆಲಸ ಹಿಡಿದದ್ದು ವರ್ಷಾನುಗಟ್ಟಲೆ ಕೂತಿದ್ದರಿಂದ.

ಆದರೆ ಎಲ್ಲ ಮಗುವೂ ಆಶ್ರಮಕ್ಕೆ ಸೇರಬೇಕಿಲ್ಲ, ಸೇರಲೂಬಾರದು. 2021ರ ಮೇ 2ರ ರಾತ್ರಿಯಿಂದ 3ರ ಹೊತ್ತಿಗೆ ಜಿಲ್ಲಾಸ್ಪತ್ರೆಯ ಆಕ್ಸಿಜನ್ ದುರಂತದಲ್ಲಿ 24 ಮಂದಿ ಸತ್ತರೆಂಬುದು ಆಗ ಸರ್ಕಾರ ಕೊಟ್ಟ ಲೆಕ್ಕ. ರಾಜ್ಯವೇ ಬೊಬ್ಬೆ ಹೊಡೆಯಿತು. ಕೋವಿಡ್‌ನಿಂದ ಅನಾಥರಾದ ಮಕ್ಕಳಿಗೆ ಅದೇ ತಿಂಗಳು ಬಾಲ ಸೇವಾ ಯೋಜನೆ ಪ್ರಕಟವಾಯಿತು, ತಿಂಗಳಿಗೆ 3,500 ರೂಪಾಯಿ. ಸರಿಯೇ. ಆದರೆ ಹಾವು ಕಚ್ಚಿ, ಕುಡಿದು, ಕ್ಷಯದಿಂದ ಕೆಮ್ಮಿ ಸತ್ತವರ ಮಕ್ಕಳ ಪರ ಬೊಬ್ಬೆ ಹೊಡೆಯುವವರಿಲ್ಲ. 2019ರಲ್ಲಿ ಚೌಡಹಳ್ಳಿ ಕಡೆ ಹುಲಿ ಇಬ್ಬರನ್ನು ಕೊಂದಾಗ ಹುಲಿ ಸಿಕ್ಕುವ ತನಕ ಸುದ್ದಿ ಇತ್ತು. ಹುಲಿ ಸಿಕ್ಕಿತು, ಸುದ್ದಿಯೂ ಮುಗಿಯಿತು.

ಇಂಥ ಮಕ್ಕಳಿಗೂ ದಾರಿ ಇದೆ. ಅಜ್ಜಿಯೋ ಚಿಕ್ಕಪ್ಪನೋ ಸಾಕುತ್ತಿರುವ ಬಡ ಅನಾಥ ಮಗುವಿಗೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಇದೆ. 2022ರ ಮಾರ್ಗಸೂಚಿಯ ಪ್ರಕಾರ ತಿಂಗಳಿಗೆ 4,000 ರೂಪಾಯಿ. ಮಗು ಹಾಡಿಯಲ್ಲೇ, ತನ್ನವರ ಜತೆಯೇ ಬೆಳೆಯಬಹುದು. ತೊಡಕಿರುವುದು ಕಾಗದದಲ್ಲಿ. ಮರಣ ಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಆದಾಯ ಪ್ರಮಾಣ ಪತ್ರ ಎಂದು ಅಜ್ಜಿ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಿ ಚಾಮರಾಜನಗರಕ್ಕೆ ಅಲೆಯಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ದುಡ್ಡೇನೋ ಉಳಿಯಿತು, ಕೂಲಿ ಉಳಿಯಲಿಲ್ಲ. ಚೆಂಡು ಹೂವು ಬಿಡಿಸುವ ಸುಗ್ಗಿಯಲ್ಲಿ ಒಂದು ದಿನ ತಪ್ಪಿದರೆ ಆ ದಿನದ ಹಿಟ್ಟಿಗೆ ಕೈ. ಮೂರು ಸಲ ‘ನಾಳೆ ಬಾ’ ಎಂದರೆ ನಾಲ್ಕನೇ ಸಲ ಅವಳು ಬರುವುದಿಲ್ಲ.

ಸೇವೆ ಮಾಡುವ ಮನಸ್ಸಿದ್ದವರಿಗೆ ಇಲ್ಲಿದೆ ಕೆಲಸ. ಬಸ್ಸಿನಲ್ಲಿ ದಿನಾ ಓಡಾಡುವ ಮೇಷ್ಟ್ರು, ಗುಮಾಸ್ತರು ಒಬ್ಬೊಬ್ಬರು ಒಂದೊಂದು ಮಗುವಿನ ಅರ್ಜಿ ತುಂಬಿಸಿ, ಕಚೇರಿಗೆ ಮುಟ್ಟಿಸಿ, ಹಣ ಬರುವ ತನಕ ಬೆನ್ನುಹತ್ತಬಹುದು. ಅದಕ್ಕೆ ಬ್ಯಾನರ್ ಬೇಕಿಲ್ಲ.

ಅಂಗಡಿಯವರಿಗೆ ಒಂದು ಎಚ್ಚರಿಕೆಯ ಮಾತೂ ಇದೆ. ‘ಅನಾಥಾಶ್ರಮಕ್ಕೆ ಸ್ವಾಮಿ’ ಎಂದು ರಸೀದಿ ಪುಸ್ತಕ ಹಿಡಿದು ಬಂದವರಿಗೆಲ್ಲ ನೋಟು ಕೊಡುವ ಮುಂಚೆ ನೋಂದಣಿ ಪತ್ರ ಕೇಳಬೇಕು. 2015ರ ಬಾಲನ್ಯಾಯ ಕಾಯ್ದೆಯಂತೆ ಇಂಥ ಮಕ್ಕಳ ಮನೆಗಳಿಗೆ ನೋಂದಣಿ ಕಡ್ಡಾಯ. ‘ಓದಿಸ್ತೀವಿ ಬುಡಿ’ ಎಂದು ಯಾರಾದರೂ ಹಾಡಿಯಿಂದ ಮಕ್ಕಳನ್ನು ಊರಾಚೆ ಸಾಗಿಸುತ್ತಿದ್ದರೆ ಸುಮ್ಮನೆ ನೋಡುತ್ತಾ ನಿಲ್ಲದೆ 1098ಕ್ಕೆ ಫೋನ್ ಮಾಡಬೇಕು.

ಗುಂಡ್ಲುಪೇಟೆ ವರ್ತಕರು ಮನಸ್ಸು ಮಾಡಿದರೆ ತಿಂಗಳಿಗೊಂದು ದಿನ ಒಬ್ಬ ಡಾಕ್ಟರನ್ನು, ಒಂದು ವ್ಯಾನನ್ನು ಹಾಡಿಗಳಿಗೆ ಕಳಿಸುವುದು ಹೊರೆಯಲ್ಲ. ಡೀಸೆಲ್ಲು, ಮಾತ್ರೆ, ಒಂದು ದಾಖಲೆ ಪುಸ್ತಕ. ಹೋದ ತಿಂಗಳು ನೋಡಿದ ಮಗುವನ್ನೇ ಈ ತಿಂಗಳೂ ನೋಡಬೇಕು, ಅಷ್ಟೇ ಷರತ್ತು. ಮೊದಲ ವ್ಯಾನು ಜೂನ್‌ಗೆ ಮುಂಚೆ ಹೊರಡಲಿ. ಮಳೆ ಹಿಡಿದ ಮೇಲೆ ಹಾಡಿಯ ದಾರಿಯಲ್ಲಿ ಚಕ್ರ ಹೂತುಕೊಳ್ಳುತ್ತದೆ.